ತಿಂಗಳ ಬಾಡಿಗೆಯನ್ನಷ್ಟೇ ಅಳೆದರೆ ಮುಂಗಡದ ಹೊರೆ ಕಾಣುವುದಿಲ್ಲ

ಪ್ರಶ್ನೆ: ನಾನು ಧಾರವಾಡದಲ್ಲಿ ಅರ್ಥಶಾಸ್ತ್ರದ ಎಂ.ಎ. ಎರಡನೇ ವರ್ಷದ ವಿದ್ಯಾರ್ಥಿನಿ. ಕಿರುಪ್ರಬಂಧಕ್ಕೆ ‘ಬೆಂಗಳೂರಿನಲ್ಲಿ ಬಾಡಿಗೆ ಮನೆಗಳ ಹೊರೆ ಮತ್ತು ಬಾಡಿಗೆ ನೆರವಿನ ನೀತಿ’ ಎಂಬ ವಿಷಯ ಆರಿಸಿಕೊಂಡಿದ್ದೇನೆ. ಆದಾಯದ ಶೇ 30ಕ್ಕಿಂತ ಹೆಚ್ಚು ಬಾಡಿಗೆ ಕೊಡುವ ಕುಟುಂಬಗಳನ್ನು ಗುರುತಿಸಿ, ಅಮೆರಿಕದಂತೆ ಇಲ್ಲಿಯೂ ಬಾಡಿಗೆ ವೋಚರ್ (ಬಾಡಿಗೆಯ ಒಂದು ಭಾಗವನ್ನು ಸರ್ಕಾರ ಭರಿಸುವ ಚೀಟಿ) ಕೊಟ್ಟರೆ ಏನಾದೀತು ಎಂದು ನೋಡುವ ಯೋಚನೆಯಿದೆ. ಆದರೆ ಸರ್ಕಾರಿ ಸಮೀಕ್ಷೆಗಳಲ್ಲಿ ನಗರದ ಕುಟುಂಬಗಳ ಖರ್ಚಿನಲ್ಲಿ ಬಾಡಿಗೆಯ ಪಾಲು ಶೇ 7ನ್ನೂ ಮುಟ್ಟುವುದಿಲ್ಲ. ‘ಸಮಸ್ಯೆಯೇ ಇಲ್ಲದ ಕಡೆ ಪರಿಹಾರ ಹುಡುಕುತ್ತಿದ್ದೀಯ, ವಿಷಯ ಬದಲಿಸು’ ಎನ್ನುತ್ತಿದ್ದಾರೆ ಮಾರ್ಗದರ್ಶಕರು. ಏನು ಮಾಡಲಿ?

ಉತ್ತರ: ವಿಷಯ ಬದಲಿಸುವುದು ಬೇಡ. ಬದಲಾಗಬೇಕಿರುವುದು ನಿಮ್ಮ ಅಳತೆಗೋಲು, ಮತ್ತು ಹೋಲಿಕೆಗೆಂದು ಆರಿಸಿಕೊಂಡ ದೇಶ.

ಮೊದಲು ನಿಮ್ಮನ್ನು ಕಂಗೆಡಿಸಿದ ಆ ಶೇ 7ರ ವಿಚಾರ ಮುಗಿಸೋಣ. ಕೇಂದ್ರ ಸರ್ಕಾರದ ಕುಟುಂಬ ಬಳಕೆ ವೆಚ್ಚ ಸಮೀಕ್ಷೆಯ ಪ್ರಕಾರ ನಗರ ಭಾರತದ ತಲಾ ಮಾಸಿಕ ಖರ್ಚಿನಲ್ಲಿ ಬಾಡಿಗೆಯ ಪಾಲು 2022–23ರಲ್ಲಿ ಶೇ 6.56, 2023–24ರಲ್ಲಿ ಶೇ 6.58. ಅಂಕಿ ಸರಿಯಾಗಿಯೇ ಇದೆ. ಆದರೆ ಅದು ಬಾಡಿಗೆದಾರರ ಸರಾಸರಿಯಲ್ಲ, ನಗರದ ಎಲ್ಲ ಕುಟುಂಬಗಳ ಸರಾಸರಿ. ಸ್ವಂತ ಮನೆಯವರ ಬಾಡಿಗೆ ಅದರಲ್ಲಿ ಸೊನ್ನೆಯಾಗಿ ಸೇರಿಕೊಂಡಿರುತ್ತದೆ. 2011ರ ಜನಗಣತಿಯಲ್ಲಿ ನಗರ ಪ್ರದೇಶದ ಕುಟುಂಬಗಳ ಪೈಕಿ ಬಾಡಿಗೆ ಮನೆಯಲ್ಲಿದ್ದವು ಶೇ 27.5. ಈಗ 6.58 ಅನ್ನು 0.275ರಿಂದ ಭಾಗಿಸಿ: ಸುಮಾರು 24 ಬರುತ್ತದೆ. ಅಂದರೆ ಬಾಡಿಗೆ ಕೊಡುವವರನ್ನಷ್ಟೇ ಎಣಿಸಿದರೆ ಖರ್ಚಿನ ಹೆಚ್ಚುಕಡಿಮೆ ಕಾಲುಭಾಗ ಬಾಡಿಗೆಗೇ ಹೋಗುತ್ತಿದೆ. ಇದು ಒರಟು ಲೆಕ್ಕ. ಎರಡು ಅಂಕಿಗಳ ನಡುವೆ ಒಂದು ದಶಕಕ್ಕೂ ಹೆಚ್ಚಿನ ಅಂತರವಿದೆ. ಬಾಡಿಗೆದಾರರ ಖರ್ಚು ಉಳಿದವರ ಖರ್ಚಿನಷ್ಟೇ ಇದೆ ಎಂಬ ಊಹೆಯೂ ಇದರೊಳಗೆ ಕುಳಿತಿದೆ. ಪ್ರಬಂಧದಲ್ಲಿ ಅಚ್ಚು ಹಾಕಲು ಇದು ಯೋಗ್ಯವಲ್ಲ, ಮಾರ್ಗದರ್ಶಕರ ಕೋಣೆಯಲ್ಲಿ ವಾದ ಮಾಡಲು ಧಾರಾಳವಾಗಿ ಸಾಕು.

ಪ್ರಬಂಧಕ್ಕೆ ಬೇಕಾದದ್ದು ಸಮೀಕ್ಷೆಯ ಕುಟುಂಬವಾರು ದತ್ತಾಂಶ. ಅದನ್ನು ಸಾಂಖ್ಯಿಕ ಸಚಿವಾಲಯವೇ ಉಚಿತವಾಗಿ ಕೊಡುತ್ತದೆ. ಕರ್ನಾಟಕದ ನಗರ ಭಾಗವನ್ನು ಬೇರ್ಪಡಿಸಿ, ಅದರಲ್ಲಿ ಬಾಡಿಗೆ ಕೊಡುವ ಕುಟುಂಬಗಳನ್ನು ಮಾತ್ರ ತೆಗೆದುಕೊಂಡು ಪಾಲು ಲೆಕ್ಕ ಹಾಕಿ. ಆದರೆ ಒಂದು ಎಚ್ಚರಿಕೆ: ಈ ಸಮೀಕ್ಷೆ ಆದಾಯ ಕೇಳುವುದಿಲ್ಲ, ಖರ್ಚು ಕೇಳುತ್ತದೆ. ಸಾಲ ಮಾಡಿ ಸಂಸಾರ ನಡೆಸುವ ಕುಟುಂಬದ ಖರ್ಚು ಆದಾಯಕ್ಕಿಂತ ಹೆಚ್ಚಿರುತ್ತದೆ. ಛೇದ ದೊಡ್ಡದಾದಾಗ ಬಾಡಿಗೆಯ ಪಾಲು ಚಿಕ್ಕದಾಗಿ ಕಾಣುತ್ತದೆ. ಹೀಗೆ ಅತಿ ಹೆಚ್ಚು ಕಷ್ಟದಲ್ಲಿರುವವರೇ ನಿಮ್ಮ ಕೋಷ್ಟಕದಲ್ಲಿ ನೆಮ್ಮದಿಯವರಾಗಿ ಬಿಡುತ್ತಾರೆ.

ಇನ್ನು ಶೇ 30ರ ಗೆರೆ. ಎಲ್ಲರೂ ಬಳಸುತ್ತಾರೆ, ಹುಟ್ಟು ಎಲ್ಲಿಯದು ಎಂದು ಕೇಳುವವರು ಕಡಿಮೆ. 1969ರಲ್ಲಿ ಅಮೆರಿಕದ ಸೆನೆಟರ್ ಎಡ್ವರ್ಡ್ ಬ್ರೂಕ್ ತಂದ ತಿದ್ದುಪಡಿಯು ಸರ್ಕಾರಿ ವಸತಿಗೃಹಗಳ ಬಾಡಿಗೆ ಕುಟುಂಬದ ಆದಾಯದ ಶೇ 25 ಮೀರಬಾರದು ಎಂದಿತು. 1981ರಲ್ಲಿ, ರೇಗನ್ ಕಾಲದ ಖರ್ಚು ಕಡಿತದ ಭಾಗವಾಗಿ, ಅದು ಶೇ 30ಕ್ಕೆ ಏರಿತು. ಸರ್ಕಾರ ತನ್ನ ಬಾಡಿಗೆದಾರರಿಂದ ಎಷ್ಟು ವಸೂಲು ಮಾಡಬಹುದು ಎಂಬ ಬಜೆಟ್ ನಿರ್ಧಾರ ಅದು. ಮನುಷ್ಯ ಎಷ್ಟು ಭರಿಸಬಲ್ಲ ಎಂಬ ಸಂಶೋಧನೆಯ ಫಲವಲ್ಲ. ನಮ್ಮಲ್ಲಿ ಕೈಗೆಟುಕುವ ವಸತಿ ಕುರಿತ 2008ರ ದೀಪಕ್ ಪಾರೇಖ್ ಕಾರ್ಯಪಡೆಯೂ ಬಡ ಮತ್ತು ಕಡಿಮೆ ಆದಾಯದ ಕುಟುಂಬಗಳಿಗೆ ಇದೇ ಶೇ 30ನ್ನು ಇಟ್ಟುಕೊಂಡಿತು. ತಿಂಗಳಿಗೆ 15,000 ರೂಪಾಯಿ ದುಡಿಯುವ ಗಾರ್ಮೆಂಟ್ಸ್ ಕಾರ್ಮಿಕರ ಕುಟುಂಬ 4,500 ಬಾಡಿಗೆ ಕೊಟ್ಟರೆ ಕೈಯಲ್ಲಿ ಉಳಿಯುವುದು 10,500. ಲಕ್ಷ ರೂಪಾಯಿ ಸಂಬಳದ ದಂಪತಿ 40,000 ಕೊಟ್ಟರೂ 60,000 ಉಳಿಯುತ್ತದೆ. ಶೇ 30ರ ಗೆರೆ ಮೊದಲ ಕುಟುಂಬವನ್ನು ಪಾಸು ಮಾಡಿ ಎರಡನೆಯದನ್ನು ಸಂತ್ರಸ್ತರ ಪಟ್ಟಿಗೆ ಸೇರಿಸುತ್ತದೆ! ಆದ್ದರಿಂದ ಅನುಪಾತದ ಜೊತೆಗೆ ಬಾಡಿಗೆ ಕೊಟ್ಟ ಮೇಲೆ ಉಳಿಯುವ ಹಣವನ್ನೂ ಲೆಕ್ಕ ಹಾಕಿ. ದಿನಸಿ, ಗ್ಯಾಸ್, ಬಸ್ ಪಾಸ್, ಶಾಲೆಯ ಶುಲ್ಕ, ಔಷಧಿಗೆ ಆ ಬಡಾವಣೆಯಲ್ಲಿ ಕನಿಷ್ಠ ಎಷ್ಟು ಬೇಕು ಎಂಬುದನ್ನು ನೀವೇ ಅಂಗಡಿಗಳಲ್ಲಿ ಕೇಳಿ ಪಟ್ಟಿ ಮಾಡಿಕೊಳ್ಳಬಹುದು.

ಇಷ್ಟು ಯಾವುದೇ ಒಳ್ಳೆಯ ಮಾರ್ಗದರ್ಶಕರು ಹೇಳುತ್ತಿದ್ದರು. ನಾನು ಒತ್ತಿ ಹೇಳಬೇಕೆಂದಿರುವುದು ಬೇರೆ. ಬೆಂಗಳೂರಿನಲ್ಲಿ ಬಡವರನ್ನು ಮನೆಯ ಹೊರಗೆ ನಿಲ್ಲಿಸುವುದು ತಿಂಗಳ ಬಾಡಿಗೆಗಿಂತ ಹೆಚ್ಚಾಗಿ ಅಡ್ವಾನ್ಸ್. ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವುದು ಈ ನಗರದ ಹಳೆಯ ರೂಢಿ. ಈಚೆಗೆ ಹಲವು ಕಡೆ ಐದಾರು ತಿಂಗಳಿಗೆ ಇಳಿದಿದೆ. ಒಂದು ಲೆಕ್ಕ ಮಾಡಿ. ಬಾಡಿಗೆ 10,000, ಮುಂಗಡ ಒಂದು ಲಕ್ಷ. ಬ್ಯಾಂಕಿನಲ್ಲಿ ಉಳಿತಾಯ ಇದ್ದವರು ಆ ಲಕ್ಷದ ಮೇಲೆ ವರ್ಷಕ್ಕೆ ಶೇ 7ರ ಬಡ್ಡಿ ಕಳೆದುಕೊಂಡರೆ ತಿಂಗಳಿಗೆ 583 ರೂಪಾಯಿ ನಷ್ಟ. ಅದೇ ಲಕ್ಷವನ್ನು ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿಯಂತೆ ಕೈಸಾಲ ತಂದವರಿಗೆ ತಿಂಗಳಿಗೆ 2,000. ಮನೆ ಒಂದೇ, ಮಾಲೀಕರೂ ಒಬ್ಬರೇ. ಒಬ್ಬರ ನಿಜವಾದ ಬಾಡಿಗೆ 10,583, ಇನ್ನೊಬ್ಬರದು 12,000. ಬಿಡುವಾಗ ಬಣ್ಣದ ಖರ್ಚೆಂದು ಮುರಿದುಕೊಳ್ಳುವ ಒಂದು ತಿಂಗಳ ಬಾಡಿಗೆ ಬೇರೆ. ಇದ್ದದ್ದು ಎರಡು ವರ್ಷವಾದರೆ ತಿಂಗಳಿಗೆ ಇನ್ನೂ 400ಕ್ಕಿಂತ ಹೆಚ್ಚು ಕೂಡಿಸಿ. ಯಾವ ಸರ್ಕಾರಿ ಸಮೀಕ್ಷೆಯ ಬಾಡಿಗೆ ಕಾಲಂನಲ್ಲೂ ಇದು ದಾಖಲಾಗುವುದಿಲ್ಲ; ಸಾಲ ಸಾಲವಾಗಿ ಒಂದು ಕಡೆ, ಬಾಡಿಗೆ ಬಾಡಿಗೆಯಾಗಿ ಇನ್ನೊಂದು ಕಡೆ ಬಿದ್ದಿರುತ್ತದೆ.

ಭೋಗ್ಯದ ಮನೆಗಳಲ್ಲಂತೂ ತಿಂಗಳ ಬಾಡಿಗೆ ಎಂಬುದೇ ಇಲ್ಲ. ಎರಡು ಮೂರು ವರ್ಷಕ್ಕೆ ಇಡುಗಂಟು ಕೊಟ್ಟು ಇರುವುದು, ಬಿಡುವಾಗ ಅಷ್ಟೂ ಹಣ ವಾಪಸು ಪಡೆಯುವುದು. ನಿಮ್ಮ ಪ್ರಶ್ನಾವಳಿಯಲ್ಲಿ ‘ಬಾಡಿಗೆ ಎಷ್ಟು?’ ಎಂದಷ್ಟೇ ಇದ್ದರೆ ಇವರ ಹೊರೆ ಸೊನ್ನೆ ಎಂದು ದಾಖಲಾಗುತ್ತದೆ. 6 ಲಕ್ಷದ ಭೋಗ್ಯಕ್ಕೆ ವರ್ಷಕ್ಕೆ ಶೇ 8ರಂತೆ ಹಿಡಿದರೆ ತಿಂಗಳಿಗೆ 4,000 ಆಗುತ್ತದೆ. ನೂರಕ್ಕೆ ಎರಡರ ಕೈಸಾಲವಾದರೆ 12,000. ಊರಿನ ಹೊಲ ಒತ್ತೆಯಿಟ್ಟೋ ಒಡವೆ ಅಡವಿಟ್ಟೋ ತಂದ ಗಂಟು ಮಾಲೀಕರ ಬಳಿ ಯಾವ ಭದ್ರತೆಯೂ ಇಲ್ಲದೆ ಕುಳಿತಿರುತ್ತದೆ. ಆ ಮನೆಯ ಮೇಲೆ ಮೊದಲೇ ಬ್ಯಾಂಕ್ ಸಾಲ ಇದ್ದು ಅದು ಹರಾಜಿಗೆ ಬಂದರೆ ಭೋಗ್ಯದಾರರ ಪಾಡು ಏನೆಂದು ವಕೀಲರೊಬ್ಬರನ್ನು ಕೇಳಿ ನೋಡಿ.

ಈ ಕಾರಣಕ್ಕೇ ಹೋಲಿಕೆಗೆ ಅಮೆರಿಕಕ್ಕಿಂತ ದಕ್ಷಿಣ ಕೊರಿಯಾ ನಿಮಗೆ ಹತ್ತಿರ ಎನ್ನುತ್ತೇನೆ. ಅಲ್ಲಿಯ ಜೋನ್ಸೆ ಪದ್ಧತಿ ಹೆಚ್ಚುಕಡಿಮೆ ನಮ್ಮ ಭೋಗ್ಯವೇ. ಮನೆಯ ಬೆಲೆಯ ಅರ್ಧಕ್ಕೂ ಮಿಕ್ಕಿದ ಇಡುಗಂಟು ಕೊಟ್ಟು ಸಾಮಾನ್ಯವಾಗಿ ಎರಡು ವರ್ಷ ಬಾಡಿಗೆಯಿಲ್ಲದೆ ಇರುವುದು. ವ್ಯತ್ಯಾಸವೆಂದರೆ ಆ ದೇಶ ಅದನ್ನು ಕಣ್ಣಿಗೆ ಕಾಣದಂತೆ ಬಿಟ್ಟಿಲ್ಲ. ಗಂಟಿಗೆ ಬ್ಯಾಂಕ್ ಸಾಲ ಸಿಗುತ್ತದೆ, ಗಂಟು ವಾಪಸಾಗದಿದ್ದರೆ ತುಂಬಿಕೊಡಲು ಸಾರ್ವಜನಿಕ ಖಾತರಿ ಸಂಸ್ಥೆ ಇದೆ, ಗಂಟಿನ ಒಂದು ಭಾಗವನ್ನು ತಿಂಗಳ ಬಾಡಿಗೆಗೆ ಪರಿವರ್ತಿಸುವಾಗ ಎಷ್ಟು ದರ ಹಿಡಿಯಬಹುದು ಎಂಬುದಕ್ಕೂ ಕಾನೂನಿನ ಮಿತಿಯಿದೆ. 2020ರಿಂದ ಅದು ಕೇಂದ್ರ ಬ್ಯಾಂಕಿನ ಮೂಲದರದ ಮೇಲೆ ಶೇಕಡಾ 2 ಅಂಶ. ಆದರೂ 2022–23ರಲ್ಲಿ ನೂರಾರು ಮನೆ ಇಟ್ಟುಕೊಂಡಿದ್ದ ಮಾಲೀಕರು ಗಂಟು ವಾಪಸು ಕೊಡಲಾಗದೆ ಸಾವಿರಾರು ಯುವಜನರು ಬೀದಿಗೆ ಬಿದ್ದರು, ಸಂತ್ರಸ್ತರಿಗೆಂದು 2023ರಲ್ಲಿ ವಿಶೇಷ ಕಾಯ್ದೆಯನ್ನೇ ತರಬೇಕಾಯಿತು. ಮುಂಗಡಕ್ಕೆ ಸಾಲ ಕೊಡುವುದೇ ನೆರವು ಎಂದುಕೊಂಡರೆ ಆಗುವ ಅನಾಹುತವೂ ಅಲ್ಲಿ ಕಲಿಯಲು ಸಿಗುತ್ತದೆ. ಸಾಲ ಸಲೀಸಾದಷ್ಟೂ ಗಂಟು ಉಬ್ಬುತ್ತದೆ.

ಅಮೆರಿಕವನ್ನು ಪೂರ್ತಿ ಕೈಬಿಡಿ ಎನ್ನುತ್ತಿಲ್ಲ. 1974ರ ಕಾಯ್ದೆಯಿಂದ ಬಂದ ಸೆಕ್ಷನ್ 8 ವ್ಯವಸ್ಥೆಯಲ್ಲಿ ಕುಟುಂಬ ತನ್ನ ಆದಾಯದ ಸುಮಾರು ಶೇ 30 ಕೊಡುತ್ತದೆ, ಸ್ಥಳೀಯವಾಗಿ ನಿಗದಿಯಾದ ಬಾಡಿಗೆ ಮಿತಿಯವರೆಗಿನ ಉಳಿದ ಮೊತ್ತವನ್ನು ವಸತಿ ಪ್ರಾಧಿಕಾರ ನೇರವಾಗಿ ಮಾಲೀಕರಿಗೆ ಕಟ್ಟುತ್ತದೆ. ಅರ್ಹರೆಲ್ಲರಿಗೂ ಸಿಗುವ ಹಕ್ಕು ಇದಲ್ಲ. ಒಕ್ಕೂಟ ಸರ್ಕಾರದ ಬಾಡಿಗೆ ನೆರವು ತಲುಪುವುದು ಅರ್ಹ ಕುಟುಂಬಗಳಲ್ಲಿ ನಾಲ್ಕಕ್ಕೆ ಒಂದಕ್ಕೆ. ಸಿಕ್ಕ ವೋಚರ್ ಹಿಡಿದು ಮನೆ ಹುಡುಕಿ ಸೋತು ಹಿಂತಿರುಗಿಸುವವರೂ ಬಹಳ. ಭದ್ರತಾ ಠೇವಣಿಯನ್ನು ವೋಚರ್ ಸಾಮಾನ್ಯವಾಗಿ ಭರಿಸುವುದಿಲ್ಲ ಎಂಬುದನ್ನು ನಿಮ್ಮ ಟಿಪ್ಪಣಿಯಲ್ಲಿ ಅಡಿಗೆರೆ ಎಳೆದು ಬರೆದುಕೊಳ್ಳಿ. ಬಹುತೇಕ ಕಡೆ ಠೇವಣಿ ಒಂದೆರಡು ತಿಂಗಳ ಬಾಡಿಗೆಯಷ್ಟೇ ಇರುವ ದೇಶದಲ್ಲೇ ಅದು ತೊಡಕು. ಹತ್ತು ತಿಂಗಳ ಮುಂಗಡದ ಊರಿಗೆ ಅದೇ ಮಾದರಿಯನ್ನು ಎತ್ತಿ ತಂದರೆ ಬೀಗದ ಕೈ ಇಲ್ಲದವರಿಗೆ ಒಳಗಿನ ದೀಪದ ಬಿಲ್ಲು ಕಟ್ಟಿಕೊಟ್ಟಂತಾದೀತು.

ನೆರವು ಕೊಟ್ಟರೆ ಬಾಡಿಗೆಯೇ ಏರುವುದಿಲ್ಲವೇ ಎಂಬ ಪ್ರಶ್ನೆಯನ್ನು ಮೌಖಿಕ ಪರೀಕ್ಷೆಯಲ್ಲಿ ಖಂಡಿತ ಕೇಳುತ್ತಾರೆ. ಉತ್ತರ ದೇಶಕ್ಕೊಂದು ತರಹ. 1970ರ ದಶಕದಲ್ಲಿ ಅಮೆರಿಕ ಗ್ರೀನ್ ಬೇ ಮತ್ತು ಸೌತ್ ಬೆಂಡ್ ಪ್ರದೇಶಗಳಲ್ಲಿ ಅರ್ಹರೆಲ್ಲರಿಗೂ ವಸತಿ ಭತ್ಯೆ ಕೊಟ್ಟು ಪ್ರಯೋಗ ಮಾಡಿದಾಗ ಬಾಡಿಗೆ ಏರಿದ್ದು ನಗಣ್ಯ. ಫ್ರಾನ್ಸಿನಲ್ಲಿ 1990ರ ದಶಕದ ಭತ್ಯೆ ವಿಸ್ತರಣೆಯನ್ನು ಪರಿಶೀಲಿಸಿದ ಗಾಬ್ರಿಯೆಲ್ ಫಾಕ್ ಅವರ 2006ರ ಅಧ್ಯಯನ ಹೆಚ್ಚುವರಿ ಒಂದು ಯೂರೊ ನೆರವಿನಲ್ಲಿ 78 ಸೆಂಟ್ ಬಾಡಿಗೆ ಏರಿಕೆಯ ರೂಪದಲ್ಲಿ ಮಾಲೀಕರಿಗೇ ಹೋಯಿತು ಎಂದಿತು. ಹೊಸ ಮನೆಗಳು ಎಷ್ಟು ಬೇಗ ಕಟ್ಟಲ್ಪಡುತ್ತವೆ ಎಂಬುದರ ಮೇಲೆ ಬಹಳಷ್ಟು ನಿಂತಿದೆ. ಬೆಂಗಳೂರಿನಲ್ಲಿ ಕಡಿಮೆ ಬಾಡಿಗೆಯ ಮನೆ ಕಟ್ಟುವವರು ದೊಡ್ಡ ಬಿಲ್ಡರ್‌ಗಳಲ್ಲ. 20–30, 30–40 ನಿವೇಶನದಲ್ಲಿ ಮೂರು ನಾಲ್ಕು ಮಹಡಿ ಎಬ್ಬಿಸಿ, ಪ್ರತಿ ಮಹಡಿಯಲ್ಲಿ ಒಂದು ಕೋಣೆ, ಒಂದು ಅಡುಗೆಮನೆಯ ಪುಟ್ಟ ಮನೆಗಳನ್ನು ಮಾಡಿ, ತಾವೂ ಅಲ್ಲೇ ಇರುವ ಸಣ್ಣ ಮಾಲೀಕರು. ಪೀಣ್ಯ, ಬೊಮ್ಮನಹಳ್ಳಿಗಳಂಥ ಕಡೆ ಕಾರ್ಮಿಕರಿಗೆ ಸೂರು ಒದಗಿಸಿರುವುದು ಯಾವ ಯೋಜನೆಯೂ ಅಲ್ಲ, ಇವರೇ. ಇವರಲ್ಲಿ ಹಲವರಿಗೆ ನಕ್ಷೆ ಮಂಜೂರಾತಿ ಇರುವುದಿಲ್ಲ, ಖಾತೆ ‘ಬಿ’ (ನಿಯಮಕ್ಕೆ ಒಳಪಡದ ಆಸ್ತಿಗಳಿಗೆ ಪಾಲಿಕೆ ಕೊಡುವ ಖಾತೆ) ಆಗಿರುತ್ತದೆ. ನೆರವಿಗೆ ಮಾಲೀಕರ ದಾಖಲೆ ಕಡ್ಡಾಯ ಮಾಡಿದ ದಿನ ಬಡವರು ಇರುವ ಮನೆಗಳೇ ಯೋಜನೆಯ ಹೊರಗೆ ಉಳಿಯುತ್ತವೆ. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯಲ್ಲಿ ಇದರ ಒಂದು ತುಣುಕು ಕಂಡಿದ್ದೇವೆ: 2023ರಲ್ಲಿ ಬಾಡಿಗೆದಾರರೂ ಅರ್ಹರು ಎಂದು ಸರ್ಕಾರ ಸ್ಪಷ್ಟಪಡಿಸಿದರೂ ಆ ವಿಳಾಸದಲ್ಲಿ ವಾಸವಿರುವುದಕ್ಕೆ ಪುರಾವೆ ಬೇಕಾಯಿತು, ನಾಲ್ಕು ಮನೆಗೆ ಒಂದೇ ಮೀಟರ್ ಇದ್ದಲ್ಲಿ ಲಾಭ ಯಾರದು ಎಂಬ ಗೊಂದಲ ಎದ್ದಿತು.

ಹಾಗೆಂದು ‘ಭಾರತದಲ್ಲಿ ಬಾಡಿಗೆ ನೆರವು ಇಲ್ಲ’ ಎಂಬ ವಾಕ್ಯವನ್ನು ಪ್ರಬಂಧದಲ್ಲಿ ದಯವಿಟ್ಟು ಬರೆಯಬೇಡಿ. ಇದೆ, ಉಳ್ಳವರಿಗೆ. ಸಂಬಳದಲ್ಲಿನ ಮನೆ ಬಾಡಿಗೆ ಭತ್ಯೆಗೆ ಆದಾಯ ತೆರಿಗೆ ವಿನಾಯಿತಿ ದಶಕಗಳಿಂದ ಇದೆ. ಹಳೆಯ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಅದು ಸಿಗುತ್ತದೆ. 1962ರ ನಿಯಮಗಳು ಸಂಬಳದ ಶೇ 50ರ ಮಿತಿಯನ್ನು ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈಗೆ ಮಾತ್ರ ಕೊಟ್ಟು ಬೆಂಗಳೂರನ್ನು ಶೇ 40ರ ಸಾಲಿನಲ್ಲಿ ಕೂರಿಸಿದ್ದವು ಎಂಬುದು ತಮಾಷೆಯ ಸಂಗತಿ. ತೆರಿಗೆ ಕಟ್ಟುವಷ್ಟು ಆದಾಯ ಇಲ್ಲದವರಿಗೆ ಈ ನೆರವು ಸೊನ್ನೆ. ಬಡವರ ಪಾಲಿಗೆ ಬಂದ ದೊಡ್ಡ ಪ್ರಯತ್ನವೆಂದರೆ 2020ರ ಜುಲೈನಲ್ಲಿ, ವಲಸೆ ಕಾರ್ಮಿಕರು ನಡೆದು ಊರು ಸೇರಿದ ಮೇಲೆ ಎಚ್ಚೆತ್ತು ತಂದ ಬಾಡಿಗೆ ವಸತಿ ಸಂಕೀರ್ಣಗಳ ಯೋಜನೆ. ದೇಶದಲ್ಲಿ ಖಾಲಿ ಬಿದ್ದಿದ್ದ 83,000ಕ್ಕೂ ಹೆಚ್ಚು ಸರ್ಕಾರಿ ಮನೆಗಳನ್ನು ಗುರುತಿಸಿದರೂ ಬಾಡಿಗೆಗೆ ಸಿದ್ಧವಾದದ್ದು 6,000ಕ್ಕಿಂತ ಕಡಿಮೆ, ಅದೂ ಮುಖ್ಯವಾಗಿ ಚಂಡೀಗಡ, ಸೂರತ್‌ನಂಥ ಕೆಲವು ನಗರಗಳಲ್ಲಿ.

ಕಾನೂನಿನ ಅಧ್ಯಾಯ ಚಿಕ್ಕದಾಗಿರಲಿ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಜಾರಿಗೆ ಬಂದದ್ದು 2001ರ ಕೊನೆಯಲ್ಲಿ. ಬೆಂಗಳೂರಿನಂಥ ನಗರದಲ್ಲಿ ಬಾಡಿಗೆ ತಿಂಗಳಿಗೆ 3,500 ರೂಪಾಯಿ ಮೀರಿದರೆ ಅದು ಅನ್ವಯಿಸುವುದಿಲ್ಲ. ಇಂದು ಆ ಬೆಲೆಗೆ ಸಿಗುವುದು ಎಂಥ ಕೋಣೆ ಎಂದು ನಿಮಗೇ ಗೊತ್ತು. ಕೇಂದ್ರ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಮುಂಗಡವನ್ನು ಎರಡು ತಿಂಗಳಿಗೆ ಮಿತಿಗೊಳಿಸುತ್ತದೆ. ಆದರೆ ರಾಜ್ಯಗಳು ತಮ್ಮ ಕಾಯ್ದೆಯಾಗಿ ತಂದರೆ ಮಾತ್ರ ಅದಕ್ಕೆ ಬಲ. ಒಂದು ವರ್ಷ ಮೀರಿದ ಗುತ್ತಿಗೆಗೆ 1908ರ ನೋಂದಣಿ ಕಾಯ್ದೆಯಡಿ ನೋಂದಣಿ ಕಡ್ಡಾಯವಾದ್ದರಿಂದ ಎಲ್ಲರೂ 11 ತಿಂಗಳ ಕರಾರು ಬರೆಸುತ್ತಾರೆ, ಹಾಗಾಗಿ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಬಾಡಿಗೆಯ ಅಂಕಿಅಂಶ ಸಿಗುತ್ತದೆಂದು ಅಲೆಯಬೇಡಿ.

ಈಗ ಕ್ಷೇತ್ರಕಾರ್ಯ. ಧಾರವಾಡದಲ್ಲಿ ಕುಳಿತು ಬೆಂಗಳೂರನ್ನೇ ಏಕೆ ಪೂರ್ತಿ ಮೈಮೇಲೆ ಎಳೆದುಕೊಳ್ಳುತ್ತೀರಿ? ಸಪ್ತಾಪುರ ನಿಮ್ಮ ಕಾಲಬುಡದಲ್ಲೇ ಇದೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದಲು ಬಂದವರು, ಕಾಲೇಜು ವಿದ್ಯಾರ್ಥಿಗಳು ಕೋಣೆ ಹಿಡಿದು ಇರುವ ಪ್ರದೇಶ. ರಾಜ್ಯದ ಅಪರೂಪದ ನಗದು ವಸತಿ ನೆರವು ಇರುವುದೂ ವಿದ್ಯಾರ್ಥಿಗಳಿಗೇ: ಹಾಸ್ಟೆಲ್ ಸೀಟು ಸಿಗದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ಊಟ ಮತ್ತು ವಸತಿಗೆಂದು 2013–14ರಲ್ಲಿ ಶುರುವಾದ ವಿದ್ಯಾಸಿರಿ, ಆರಂಭದಲ್ಲಿ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು. ನೀವು ಕಲ್ಪಿಸಿಕೊಂಡು ಅಂದಾಜಿಸಬೇಕೆಂದಿದ್ದ ವೋಚರ್‌ಗಿಂತ ಇದು ಎಷ್ಟೋ ಒಳ್ಳೆಯ ಅಧ್ಯಯನ ವಸ್ತು. ನೆರವು ಪಡೆದವರನ್ನೂ, ಅರ್ಜಿ ಹಾಕಿ ಸಿಗದವರನ್ನೂ ಕೇಳಿ. ಕೋಣೆ ಹಿಡಿದ ತಿಂಗಳು ಯಾವುದು, ಮುಂಗಡ ಕೊಟ್ಟದ್ದು ಎಷ್ಟು, ಆ ಹಣ ಮನೆಯಿಂದ ಬಂತೋ ಸಂಘದ ಸಾಲವೋ ಒಡವೆ ಅಡವೋ, ಬಡ್ಡಿ ಎಷ್ಟು, ನೆರವಿನ ಮೊದಲ ಕಂತು ಖಾತೆಗೆ ಬಿದ್ದ ತಿಂಗಳು ಯಾವುದು. ಕೋಣೆ ಹಿಡಿದ ತಿಂಗಳಿಗೂ ನೆರವು ಬಿದ್ದ ತಿಂಗಳಿಗೂ ಇರುವ ಅಂತರವೇ ನಿಮ್ಮ ಪ್ರಬಂಧದ ಅತ್ಯಂತ ಉಪಯುಕ್ತ ಕೋಷ್ಟಕವಾಗಬಹುದು. ಬೆಂಗಳೂರಿಗೆ ಹೋಗುವುದಾದರೆ ಒಂದೇ ಒಂದು ಬಡಾವಣೆ ಆರಿಸಿ, ಅದೇ ಪ್ರಶ್ನೆಗಳನ್ನು ದುಡಿಯುವ ಕುಟುಂಬಗಳಿಗೆ ಕೇಳಿ, ಎರಡನ್ನೂ ಅಕ್ಕಪಕ್ಕ ಇಡಿ.

ಜಾಲತಾಣದ ಜಾಹೀರಾತುಗಳಿಂದ ಬಾಡಿಗೆ ಸಂಗ್ರಹಿಸುವ ಸುಲಭದ ದಾರಿ ಹಿಡಿಯಬೇಡಿ. ಅಲ್ಲಿರುವುದು ಮಾಲೀಕರು ಕೇಳುವ ಬೆಲೆ, ಅದೂ ಖಾಲಿಯಾದ ಮನೆಗಳದು. ಹಲವು ವರ್ಷಗಳಿಂದ ಕುಳಿತವರು ಕೊಡುವ ಬಾಡಿಗೆ ಬೇರೆಯೇ ಇರುತ್ತದೆ, ‘ಟು ಲೆಟ್’ ಬೋರ್ಡಿನಲ್ಲೇ ಮುಗಿಯುವ ಸಣ್ಣ ಮನೆಗಳು ಆ ತಾಣಗಳಿಗೆ ಬರುವುದೇ ಕಡಿಮೆ. ಬ್ರೋಕರ್ ಮೂಲಕ ಹೋದರೆ ಬ್ರೋಕರ್‌ಗೆ ಕಮಿಷನ್ ಕೊಡಬಲ್ಲವರೇ ಸಿಗುತ್ತಾರೆ. ಬೀದಿ ಆರಿಸಿ, ಮನೆ ಬಿಟ್ಟು ಮನೆ ಕದ ತಟ್ಟುವುದೇ ಮೇಲು. ಖಾಲಿ ನಿವೇಶನಗಳಲ್ಲಿ ನೀಲಿ ಟಾರ್ಪಾಲಿನ ಶೆಡ್ ಹಾಕಿಕೊಂಡಿರುವ ರಾಯಚೂರು, ಯಾದಗಿರಿ ಕಡೆಯ ಕಟ್ಟಡ ಕಾರ್ಮಿಕರನ್ನು ಬಿಡಬೇಡಿ. ಅವರಲ್ಲಿ ಹಲವರು ಜಾಗಕ್ಕೆ ನೆಲಬಾಡಿಗೆ ಕೊಡುತ್ತಾರೆ. ಗೋಡೆಯಿಲ್ಲದ ಕಾರಣಕ್ಕೆ ಮನೆಗಳ ಪಟ್ಟಿಯಿಂದ ಬಿಟ್ಟುಹೋಗುತ್ತಾರೆ.

ಮಾಲೀಕರು ಎದುರಿಗೆ ನಿಂತಿರುವಾಗ ಮುಂಗಡದ ಪ್ರಶ್ನೆ ಕೇಳಬೇಡಿ. ಬಾಡಿಗೆದಾರರು ಏನು ಹೇಳಿದರೂ ಅವರಿಗೇ ತೊಂದರೆ. ಮಾಲೀಕರ ಹೆಸರು, ಮನೆ ಸಂಖ್ಯೆ ನಿಮ್ಮ ಹಾಳೆಯಲ್ಲಿ ಇರಬಾರದು. ಜಾತಿ, ಧರ್ಮ, ಒಂಟಿ ಹೆಣ್ಣುಮಗಳು, ಮಾಂಸಾಹಾರ ಎಂಬ ಕಾರಣಕ್ಕೆ ಯಾರಾದರೂ ಮನೆ ನಿರಾಕರಿಸಿದ್ದರೇ ಎಂದು ಕೊನೆಯಲ್ಲಿ, ಮಾತು ಪಳಗಿದ ಮೇಲೆ ಕೇಳಿ. ನಿರಾಕರಣೆಗೆ ಒಳಗಾದವರು ಹೆಚ್ಚು ಮುಂಗಡ ಕೊಟ್ಟು ಮನೆ ಹಿಡಿದಿದ್ದಾರೆಯೇ ಎಂದು ಪರಿಶೀಲಿಸಲು ಆ ಉತ್ತರ ಬೇಕಾಗುತ್ತದೆ. ಮಾದರಿ ಎಷ್ಟು ದೊಡ್ಡದಿರಬೇಕು ಎಂದು ನೀವು ಕೇಳಲಿಲ್ಲ, ಪರೀಕ್ಷಕರು ಕೇಳುತ್ತಾರೆ: ಎಂ.ಎ. ಮಟ್ಟಕ್ಕೆ ಎರಡೂ ಊರು ಸೇರಿ ಎಂಬತ್ತರಿಂದ ನೂರು ಕುಟುಂಬಗಳು ಸಾಕು, ಆದರೆ ಪ್ರತಿಯೊಂದರಲ್ಲೂ ಮುಂಗಡದ ಮೂಲ ಮತ್ತು ಬಡ್ಡಿ ಖಾಲಿ ಬಿಡದೆ ತುಂಬಿರಬೇಕು. ಹಳೆಯ ಮನೆಯ ಮುಂಗಡ ಇನ್ನೂ ಕೈಸೇರದೆ ಹೊಸ ಮನೆಗೆ ಇನ್ನೊಂದು ಮುಂಗಡ ಕೊಟ್ಟವರಿಗೆ ಪ್ರಶ್ನಾವಳಿಯಲ್ಲಿ ಬೇರೆಯೇ ಸಾಲು ಇಡಿ.